ಸ್ಕ್ಯಾನ್‌ಗೂ ಮೊದಲು ಕೈಹಿಡಿದು ನೋಡಿದ ಆಸ್ಪತ್ರೆ: ಬೆನ್ನುಹುರಿ ಚಿಕಿತ್ಸಾ ವಿಭಾಗವೊಂದರ ವಿಮರ್ಶೆ

ನನ್ನ ತಾಯಿಯ ಬೆನ್ನುಹುರಿಯ ಕಾಯಿಲೆಗೆ ಕಳೆದ ಏಳು ತಿಂಗಳಿಂದ ಬೆಂಗಳೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ಅಲ್ಲಿನ ಹೊರರೋಗಿ ವಿಭಾಗದಿಂದ ಹಿಡಿದು ಎಂಆರ್‌ಐ ಕೋಣೆ, ಆಪರೇಷನ್, ವಾರ್ಡು, ಫಿಸಿಯೋಥೆರಪಿಯವರೆಗೆ ಎಲ್ಲವನ್ನೂ ಹತ್ತಿರದಿಂದ ನೋಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನು ಮಾತ್ರ ಬರೆಯುತ್ತಿಲ್ಲ. ವೈದ್ಯರು ಆಸ್ಪತ್ರೆ ಬದಲಿಸುತ್ತಾರೆ, ವಿಭಾಗದ ಗುಣಮಟ್ಟವೂ ಅವರ ಜೊತೆಗೇ ಬದಲಾಗುತ್ತದೆ. ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ಈ ಕಾಯಿಲೆಯ ಮಟ್ಟಿಗೆ ಸೇವೆಯನ್ನು ಯಾವುದರಿಂದ ಅಳೆಯಬೇಕು ಎಂಬುದು ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ.

ಅಮ್ಮನಿಗೆ ಅರವತ್ತೆರಡು ವರ್ಷ. ಪ್ರತಿದಿನ ಸಂಜೆ ದೇವರಿಗೆಂದು ಮೊಳಗಟ್ಟಲೆ ಮಲ್ಲಿಗೆ, ಕನಕಾಂಬರ ಕಟ್ಟುತ್ತಿದ್ದವರು. ಎರಡು ವರ್ಷದ ಹಿಂದೆ ಅವರು ಕಟ್ಟಿದ ಮಾಲೆಯಿಂದ ಹೂ ಉದುರತೊಡಗಿತು. ಆಮೇಲೆ ರವಿಕೆಯ ಹುಕ್ಕು ಹಾಕುವುದಕ್ಕೆ ಕಷ್ಟವಾಯಿತು, ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿ ಹಿಂದೆ ಉಳಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದರು. ನೋವು ಎಂಬುದು ಹೆಚ್ಚಾಗಿ ಇರಲೇ ಇಲ್ಲ. ನೋವಿಲ್ಲದ ಕಾರಣ ನಾವೆಲ್ಲರೂ ಇದು ವಯಸ್ಸಿನ ದೋಷವೆಂದು ಸುಮ್ಮನಿದ್ದೆವು. ಕಾಲು ತೀರಾ ಸೆಟೆದುಕೊಂಡ ಮೇಲೆ ನಮ್ಮೂರಿನ ಹತ್ತಿರದ ಒಂದು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕುರ್ಚಿಯಿಂದ ಏಳದೆ ಸೊಂಟದ ಎಂಆರ್‌ಐ ಬರೆದುಕೊಟ್ಟರು. ವರದಿಯಲ್ಲಿ ಎರಡು ಡಿಸ್ಕ್ ಉಬ್ಬಿವೆ ಎಂದು ಬಂದಿತ್ತು. ಸೊಂಟಕ್ಕೆ ಬೆಲ್ಟು, ನೋವಿನ ಮಾತ್ರೆ, ಬಿಸಿ ಶಾಖ ಎಂದು ಎಂಟು ತಿಂಗಳು ಕಳೆದುಹೋಯಿತು.

ಆ ಎಂಟು ತಿಂಗಳು ಏಕೆ ವ್ಯರ್ಥವಾಯಿತು ಎಂಬುದನ್ನು ಬೆಂಗಳೂರಿನ ವೈದ್ಯರು ಮೊದಲ ಭೇಟಿಯಲ್ಲೇ ನಮ್ಮ ಹಳೆಯ ಸ್ಕ್ಯಾನ್‌ನ ಕವರಿನ ಮೇಲೆ ಪೆನ್ನಿನಲ್ಲಿ ಒಂದು ಚಿತ್ರ ಬರೆದು ತೋರಿಸಿದರು. ಬೆನ್ನುಮೂಳೆ ಕುತ್ತಿಗೆಯಿಂದ ಬಾಲಮೂಳೆಯವರೆಗೆ ಇದ್ದರೂ ಅದರೊಳಗಿನ ಬೆನ್ನುಹುರಿ ದೊಡ್ಡವರಲ್ಲಿ ಸೊಂಟದ ಮೊದಲನೆಯ ಮೂಳೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಅದರ ಕೆಳಗೆ ಇರುವುದು ಕುದುರೆಯ ಬಾಲದಂತೆ ಇಳಿದ ನರಗಳ ಗೊಂಚಲು. ಆ ನರಗಳು ಒತ್ತಿಕೊಂಡರೆ ಕಾಲು ಸೋಲುತ್ತದೆ, ಜೋಲುತ್ತದೆ. ಕಾಲು ಸೆಟೆದುಕೊಂಡು ಬಿಗಿಯಾಗುವುದು, ಅದರ ಜೊತೆಗೆ ಕೈಬೆರಳಿನ ಸೂಕ್ಷ್ಮ ಕೆಲಸಗಳು ಕೆಡುವುದು, ಹುರಿಗೆ ಮೇಲೆಲ್ಲೋ, ಅಂದರೆ ಕುತ್ತಿಗೆಯ ಮಟ್ಟದಲ್ಲಿ, ಪೆಟ್ಟಾಗಿರುವುದರ ಗುರುತು. ಸೊಂಟದ ಸ್ಕ್ಯಾನ್‌ನಲ್ಲಿ ಕುತ್ತಿಗೆ ಕಾಣುವುದೇ ಇಲ್ಲ. ಐವತ್ತು ದಾಟಿದ ಯಾರ ಸೊಂಟವನ್ನು ಸ್ಕ್ಯಾನ್ ಮಾಡಿದರೂ ಒಂದೆರಡು ಡಿಸ್ಕ್ ಉಬ್ಬಿರುವುದು ಸಾಮಾನ್ಯವಾದ್ದರಿಂದ ತಪ್ಪು ಜಾಗದಲ್ಲಿ ಹುಡುಕಿದವರಿಗೂ ಏನೋ ಒಂದು ಸಿಕ್ಕಿಬಿಡುತ್ತದೆ.

ಈ ವಿಭಾಗದ ಬಗ್ಗೆ ನನಗಿರುವ ಗೌರವಕ್ಕೆಲ್ಲ ಮೂಲ ಆ ಮೊದಲ ದಿನದ ಪರೀಕ್ಷೆ. ಸುಮಾರು ಮುಕ್ಕಾಲು ಗಂಟೆ ವೈದ್ಯರು ಯಾವ ಸ್ಕ್ಯಾನ್ ಅನ್ನೂ ಬೆಳಕಿಗೆ ಹಿಡಿಯಲಿಲ್ಲ. ಅಮ್ಮನನ್ನು ಬರಿಗಾಲಿನಲ್ಲಿ ನಡೆಸಿದರು, ಒಂದೇ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿದರು, ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸಿ ಪಕ್ಕದಲ್ಲೇ ಕೈ ಚಾಚಿ ನಿಂತರು. “ಅಮ್ಮಾ, ಮುಷ್ಟಿ ಹಿಡಿದು ಪೂರ್ತಿ ಬಿಡಿಸಿ, ಆದಷ್ಟು ಬೇಗ ಬೇಗ” ಎಂದು ಹೇಳಿ ಗಡಿಯಾರ ನೋಡಿದರು. ಹತ್ತು ಸೆಕೆಂಡಿನಲ್ಲಿ 20 ಸಲ ಆಗಬೇಕಾದದ್ದು ಅಮ್ಮನಿಗೆ 9 ಸಲ ಆಯಿತು. ಮಧ್ಯದ ಬೆರಳಿನ ಉಗುರನ್ನು ಮೆಲ್ಲಗೆ ಚಿಮ್ಮಿದಾಗ ಹೆಬ್ಬೆರಳು ತಾನಾಗಿ ಒಳಕ್ಕೆ ಮಡಚಿಕೊಂಡಿತು, ಅಂಗಾಲಿನ ಅಂಚನ್ನು ಗೀರಿದಾಗ ಕಾಲಿನ ಹೆಬ್ಬೆರಳು ಮೇಲಕ್ಕೆದ್ದಿತು. ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟು ಹೊಡೆದಂತಾಗುತ್ತದೆಯೇ ಎಂದು ಅವರು ಕೇಳಿದಾಗ ಅಮ್ಮ ಬೆರಗಾಗಿ ನನ್ನ ಮುಖ ನೋಡಿದರು; ಕುಕ್ಕರಿನ ಮುಚ್ಚಳ ಎತ್ತಿಕೊಳ್ಳಲು ಬಗ್ಗಿದಾಗಲೆಲ್ಲ ಹಾಗಾಗುತ್ತಿತ್ತಂತೆ, ನಮಗೆ ಯಾರಿಗೂ ಹೇಳಿರಲಿಲ್ಲ. ಸ್ಕ್ಯಾನ್ ಆಗಬೇಕಾದದ್ದು ಕುತ್ತಿಗೆಗೆ ಎಂದು ತೀರ್ಮಾನವಾದದ್ದು ಇದೆಲ್ಲ ಮುಗಿದ ಮೇಲೆ.

ಕೈಕಾಲಿನ ಶಕ್ತಿ, ಸ್ಪರ್ಶ, ಮೂತ್ರದ ಹಿಡಿತ ಇವೆಲ್ಲವನ್ನೂ ಸೇರಿಸಿ 18ಕ್ಕೆ ಅಂಕ ಕೊಡುವ ಒಂದು ಪಟ್ಟಿ ಇದೆ. ಅಮ್ಮನಿಗೆ 12 ಬಂದಿತ್ತು. 15ರಿಂದ 17 ಬಂದರೆ ಕಾಯಿಲೆ ಸೌಮ್ಯ, 12ರಿಂದ 14 ಮಧ್ಯಮ, ಅದಕ್ಕಿಂತ ಕಡಿಮೆಯಾದರೆ ತೀವ್ರ. ಆ ಅಂಕವನ್ನು ಮೊದಲ ದಿನವೇ ಪುಸ್ತಕದಲ್ಲಿ ಬರೆದಿಟ್ಟದ್ದರಿಂದ ಮುಂದಿನ ಪ್ರತಿ ಭೇಟಿಯಲ್ಲೂ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೋಲಿಸಲು ಸಾಧ್ಯವಾಯಿತು. ಬೆನ್ನುಹುರಿಯ ತೊಂದರೆಗೆಂದು ನೀವು ಹೋದ ಕಡೆ ಇಂಥ ಅಳತೆಯನ್ನು ಬರೆದಿಡದಿದ್ದರೆ ದಯವಿಟ್ಟು ಕೇಳಿ ಬರೆಸಿಕೊಳ್ಳಿ.

ಎಂಆರ್‌ಐ ಕೇಂದ್ರದ ಸಿಬ್ಬಂದಿಯ ಎಚ್ಚರವನ್ನೂ ಮೆಚ್ಚಬೇಕು. ದೇಹದೊಳಗೆ ಪೇಸ್‌ಮೇಕರ್, ಲೋಹದ ಕ್ಲಿಪ್ಪು ಏನಾದರೂ ಇದೆಯೇ ಎಂದು ಮೂರು ಕಡೆ ಮೂರು ಜನ ಕೇಳಿದರು. ನಲವತ್ತು ವರ್ಷದಿಂದ ಬೆರಳು ಬಿಡದ ಕಾಲುಂಗುರವನ್ನು ನರ್ಸ್ ಒಬ್ಬರು ನೆಲದ ಮೇಲೆ ಕುಳಿತು ಸೋಪಿನ ನೀರು ಹಚ್ಚಿ ನೋವಾಗದಂತೆ ತೆಗೆದು, ಮಾಂಗಲ್ಯದ ಜೊತೆ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. ಒಳಗೆ ಭಯವಾದರೆ ಒತ್ತಲೆಂದು ರೋಗಿಯ ಕೈಗೆ ರಬ್ಬರಿನ ಒಂದು ಬುರುಡೆ ಕೊಡುತ್ತಾರೆ. ಅಮ್ಮನ ಕೈ ದುರ್ಬಲವಾಗಿದ್ದರಿಂದ ಯಂತ್ರದೊಳಗೆ ಕಳಿಸುವ ಮೊದಲು ಎರಡು ಕೈಯಲ್ಲೂ ಒತ್ತಿಸಿ ನೋಡಿ, ಚೆನ್ನಾಗಿ ಒತ್ತಲು ಬಂದ ಎಡಗೈಗೆ ಕೊಟ್ಟರು. ಸ್ಕ್ಯಾನ್ ಅರ್ಧ ಗಂಟೆ ಹಿಡಿಯಿತು. ಶಬ್ದ ಜೋರಾಗಿರುತ್ತದೆ, ಕಿವಿಗೆ ಮುಚ್ಚಳ ಹಾಕಿದ್ದರು.

ಎಕ್ಸ್‌ರೇ ತೆಗೆದರೆ ಸಾಲದೇ, ಇಷ್ಟು ದುಬಾರಿಯದೇ ಏಕೆ ಎಂಬುದು ನನ್ನ ಅಣ್ಣನ ಪ್ರಶ್ನೆಯಾಗಿತ್ತು. ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ, ಹುರಿ ಕಾಣುವುದಿಲ್ಲ. ಎಂಆರ್‌ಐಯಲ್ಲಿ ಅಮ್ಮನ ಕುತ್ತಿಗೆಯ ಮೂರನೆಯ ಮೂಳೆಯಿಂದ ಆರನೆಯದರವರೆಗೆ ಹುರಿ ಚಪ್ಪಟೆಯಾಗಿರುವುದೂ ಅದರೊಳಗೆ ಬಿಳಿಯ ಮಚ್ಚೆಯಂತೆ ಗಾಯದ ಗುರುತೂ ಕಂಡವು. ಅದಾದ ಮೇಲೆ ಸಿಟಿ ಸ್ಕ್ಯಾನ್ ಕೂಡ ಮಾಡಿಸಿದರು. ಬೆನ್ನುಮೂಳೆಗಳ ಹಿಂಬದಿಯ ತಂತುಪಟ್ಟಿ ಗಟ್ಟಿಯಾಗಿ ಮೂಳೆಯೇ ಆಗಿಬಿಡುವ ಒಂದು ಸ್ಥಿತಿ ಏಷ್ಯಾದ ಜನರಲ್ಲಿ ಹೆಚ್ಚು, ಅದು ಸ್ಪಷ್ಟವಾಗಿ ಕಾಣುವುದು ಸಿಟಿಯಲ್ಲಿ. ಅಮ್ಮನಿಗೆ ಇದ್ದದ್ದು ಅದೇ.

ಇಷ್ಟು ಕಂಡ ಮೇಲೂ ಅವರು ರಕ್ತಪರೀಕ್ಷೆಯನ್ನು ಬಿಡಲಿಲ್ಲ, ಮುಖ್ಯವಾಗಿ ವಿಟಮಿನ್ ಬಿ12. ಅದು ತೀರಾ ಕಡಿಮೆಯಾದರೂ ಬೆನ್ನುಹುರಿ ಸವೆದು ಇದೇ ರೀತಿ ಜೋಮು, ತೂರಾಟ ಬರುತ್ತದೆ. ಮಾಂಸ, ಮೊಟ್ಟೆ ತಿನ್ನದೆ ಹಾಲು ಮೊಸರನ್ನೂ ಕಡಿಮೆ ಬಳಸುವ ನಮ್ಮಂಥ ಮನೆಗಳಲ್ಲಿ ಇದು ಅಪರೂಪವಲ್ಲ. ಬೇಗ ಗೊತ್ತಾದರೆ ಇಂಜೆಕ್ಷನ್‌ನಿಂದಲೇ ಗುಣವಾಗುವ ಕಾಯಿಲೆಯಾದ್ದರಿಂದ ಆಪರೇಷನ್‌ಗೆ ಮೊದಲು ಇದನ್ನು ನೋಡದಿರುವುದು ತಪ್ಪಾಗುತ್ತದೆ ಎಂದು ವೈದ್ಯರು ಹೇಳಿದರು. ಅಮ್ಮನದು ಸರಿಯಾಗಿತ್ತು.

ಆಪರೇಷನ್‌ಗೆ ಒಂದು ವಾರ ಮುಂಚೆ ಮನೆಯವರನ್ನೆಲ್ಲ ಕೂರಿಸಿ ಮಾತನಾಡಿದ ಆ ಒಂದು ಗಂಟೆಯನ್ನು ನಾನು ಈ ಆಸ್ಪತ್ರೆಯ ಅತ್ಯುತ್ತಮ ಸೇವೆಯೆಂದು ಎಣಿಸುತ್ತೇನೆ. ಕುತ್ತಿಗೆಯ ಆಪರೇಷನ್ ಮಾಡಿಸಿದರೆ ಕೈಕಾಲು ಬಿದ್ದುಹೋಗುತ್ತದೆ ಎಂದು ಊರಲ್ಲಿ ಎಲ್ಲರೂ ಹೆದರಿಸಿದ್ದರು. ವೈದ್ಯರು ಅಪಾಯವಿಲ್ಲವೆಂದು ಸುಳ್ಳು ಸಮಾಧಾನ ಹೇಳಲಿಲ್ಲ. ಹುರಿಗೆ ಪೆಟ್ಟಾಗುವ ಅಪಾಯ ಕಡಿಮೆಯಾದರೂ ಇದೆ, ಕೆಲವರಿಗೆ ಆಪರೇಷನ್ ಆದ ಮೇಲೆ ತೋಳು ಎತ್ತಲು ಕೆಲವು ತಿಂಗಳು ಕಷ್ಟವಾಗುತ್ತದೆ, ಸೋಂಕು ಆಗಬಹುದು ಎಂದು ಒಂದೊಂದನ್ನೂ ಬಿಡಿಸಿ ಹೇಳಿದರು. ಆಪರೇಷನ್ ನಡೆಯುವಷ್ಟು ಹೊತ್ತೂ ಹುರಿಯ ಮೂಲಕ ಸಂಕೇತ ಸರಿಯಾಗಿ ಹೋಗುತ್ತಿದೆಯೇ ಎಂದು ಯಂತ್ರದಲ್ಲಿ ಗಮನಿಸುತ್ತಿರುತ್ತೇವೆ ಎಂದರು. ಮಾತ್ರೆ, ಕುತ್ತಿಗೆಪಟ್ಟಿಗಳಿಂದ ಮಧ್ಯಮ ಹಂತದ ಒತ್ತಡ ಕರಗುವುದಿಲ್ಲ. ಕುತ್ತಿಗೆಯನ್ನು ಎಳೆಸುವುದು, ತಿರುಚಿ ಲಟಿಕೆ ತೆಗೆಸುವುದು ಈ ಸ್ಥಿತಿಯಲ್ಲಿ ಅಪಾಯಕರ, ಯಾರು ಹೇಳಿದರೂ ಮಾಡಿಸಬಾರದು ಎಂದು ಕೈಮುಗಿದಷ್ಟು ಕಳಕಳಿಯಿಂದ ಹೇಳಿದರು. ಮೊದಲಿನಂತೆ ಆಗುತ್ತಾರೆಯೇ ಎಂದು ನಾನು ಕೇಳಿದ್ದಕ್ಕೆ, “ಇನ್ನಷ್ಟು ಕೆಡದಂತೆ ನಿಲ್ಲಿಸುವುದು ನಮ್ಮ ಮೊದಲ ಉದ್ದೇಶ. ಎಷ್ಟು ವಾಪಸು ಬರುತ್ತದೆ ಎನ್ನುವುದು ಹುರಿ ಎಷ್ಟು ಕಾಲ ಒತ್ತಿಕೊಂಡಿತ್ತು ಎನ್ನುವುದರ ಮೇಲೂ ನಿಂತಿದೆ” ಎಂದರು. ಆ ಎಂಟು ತಿಂಗಳು ನೆನಪಾಗಿ ನನಗೆ ಮಾತು ಹೊರಡಲಿಲ್ಲ.

ಆಪರೇಷನ್ ಕುತ್ತಿಗೆಯ ಹಿಂಭಾಗದಿಂದ ಆಯಿತು. ಮೂಳೆಯ ಕಮಾನುಗಳನ್ನು ಒಂದು ಬದಿಯಲ್ಲಿ ಬಾಗಿಲಿನಂತೆ ತೆರೆದು ಹುರಿಗೆ ಜಾಗ ಮಾಡಿ ಸಣ್ಣ ಪ್ಲೇಟುಗಳಿಂದ ನಿಲ್ಲಿಸಿದರು. ಮರುದಿನವೇ ಅಮ್ಮನನ್ನು ಎಬ್ಬಿಸಿ ಕೂರಿಸಿದರು. ವಾರ್ಡಿನ ಶುಶ್ರೂಷೆಯಲ್ಲಿ ದೋಷ ಹೇಳುವಂಥದ್ದು ಇರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಬೆನ್ನುಹುರಿಯ ಉರಿಯೂತದಿಂದ ಎರಡೇ ದಿನದಲ್ಲಿ ಕಾಲಿನ ಶಕ್ತಿ ಕಳೆದುಕೊಂಡು ಬಂದಿದ್ದ ಒಬ್ಬ ಹೆಣ್ಣುಮಗಳಿದ್ದರು. ಐದು ದಿನ ರಕ್ತನಾಳದ ಮೂಲಕ ಸ್ಟಿರಾಯ್ಡ್ ಕೊಡುತ್ತಿದ್ದರು, ಎರಡು ಗಂಟೆಗೊಮ್ಮೆ ರಾತ್ರಿಯೂ ತಪ್ಪದೆ ಮಗ್ಗುಲು ಬದಲಿಸುತ್ತಿದ್ದರು. ಸ್ಪರ್ಶ ತಿಳಿಯದ ಮೈಯಲ್ಲಿ ಒತ್ತುಹುಣ್ಣು ಎಷ್ಟು ಬೇಗ ಆಗುತ್ತದೆಂದು ಅವರ ತಾಯಿಗೆ ನರ್ಸ್ ಹೇಳಿಕೊಡುತ್ತಿದ್ದದ್ದನ್ನು ನಾವೂ ಕೇಳಿ ಕಲಿತೆವು. ಹೀಗೆ ಗಂಟೆ, ದಿನಗಳಲ್ಲಿ ಕಾಲು ಸೋತರೆ, ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ ಹೊರರೋಗಿ ವಿಭಾಗದ ಚೀಟಿಗೆ ಕಾಯದೆ ಆ ರಾತ್ರಿಯೇ ತುರ್ತು ವಿಭಾಗಕ್ಕೆ ಬರಬೇಕೆಂದು ಗೋಡೆಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ.

ಕೊರತೆಗಳೂ ಇವೆ. ಡಿಸ್ಚಾರ್ಜ್ ಸಮಯದಲ್ಲಿ ಕೊಟ್ಟ ನಾಲ್ಕು ಪುಟದ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ವ್ಯಾಯಾಮದ ಪಟ್ಟಿಯನ್ನು ಮಾಡಬೇಕಾದವರು ಅಮ್ಮ, ಅವರಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಗೋಡೆಯ ಮೇಲೆ ಅಷ್ಟು ಚೆನ್ನಾಗಿ ಕನ್ನಡ ಬರೆಸಿದವರು ರೋಗಿಯ ಕೈಗೆ ಕೊಡುವ ಕಾಗದವನ್ನೂ ಹಾಗೆಯೇ ಬರೆಸಬೇಕು. ಫಿಸಿಯೋಥೆರಪಿ ಆಸ್ಪತ್ರೆಯಲ್ಲಿ ಇರುವಷ್ಟು ದಿನ ಚೆನ್ನಾಗಿ ನಡೆಯಿತು, ಊರಿಗೆ ಹೋದ ಮೇಲೆ ಯಾರ ಹತ್ತಿರ ಮುಂದುವರಿಸಬೇಕು ಎಂಬುದಕ್ಕೆ ಯಾವ ವ್ಯವಸ್ಥೆಯೂ ಇರಲಿಲ್ಲ. ಖರ್ಚಿನ ವಿಚಾರದಲ್ಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ತರಬೇಕೆಂದು ನಮಗೆ ದಾಖಲಾಗುವ ಹಿಂದಿನ ದಿನ ತಿಳಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಸಿಗುವ ನೆರವಿದು, ಮೊದಲ ಭೇಟಿಯಲ್ಲೇ ಹೇಳಬೇಕಾದ ಮಾತು.

ಆರು ತಿಂಗಳ ತಪಾಸಣೆ ಕಳೆದ ವಾರ ಆಯಿತು. ಅಂಕ 12ರಿಂದ 15ಕ್ಕೆ ಬಂದಿದೆ, ಮುಷ್ಟಿಯ ಲೆಕ್ಕ 9ರಿಂದ 16ಕ್ಕೆ. ಚಪ್ಪಲಿ ಜಾರುತ್ತಿಲ್ಲ, ಮೆಟ್ಟಿಲಿಗೆ ಇನ್ನೂ ಕಂಬಿ ಬೇಕು. ಬೆರಳಿನಲ್ಲಿ ಗಂಟು ಹಾಕಿ ಹೂ ಕಟ್ಟಲು ಅಮ್ಮನಿಗೆ ಬರುತ್ತಿಲ್ಲ. ಗೋಣಿ ಹೊಲಿಯುವ ದಪ್ಪ ಸೂಜಿಯೊಂದನ್ನು ತರಿಸಿಕೊಂಡಿದ್ದಾರೆ, ಸಂಜೆ ಅದರಲ್ಲಿ ಪೋಣಿಸುತ್ತಾರೆ.