ಆಫ್ರಿಕನ್ ಮಿಕ್ಸ್: 12 ಮೀನು, 1,200 ರೂಪಾಯಿ, ಒಂದು ವರ್ಷ

ಅಕ್ವೇರಿಯಂ ಅಂಗಡಿಯ ಗಾಜಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಇದ್ದುದು ಇಷ್ಟೇ: ‘ಆಫ್ರಿಕನ್ ಮಿಕ್ಸ್, ಒಂದಕ್ಕೆ 100.’ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಖಾರದ ಮಿಕ್ಸ್ಚರ್ ಅಳೆದು ಕೊಡುವ ಹಾಗೆ ಮಾಲೀಕರು ಬಲೆ ಅದ್ದಿದರು. ಸಿಕ್ಕ 12 ಮರಿಗಳನ್ನು ಚೀಲಕ್ಕೆ ಹಾಕಿ, ಆಮ್ಲಜನಕ ತುಂಬಿ, ರಬ್ಬರ್ ಬ್ಯಾಂಡ್ ಬಿಗಿದು ಕೈಗೆ ಕೊಟ್ಟರು. ಅಂಗಡಿಯ ಹೆಸರು ಬರೆಯುವುದಿಲ್ಲ. ದೂರುಗಳಿದ್ದರೂ ನಾನು ಈಗಲೂ ಹೋಗುವುದು ಅಲ್ಲಿಗೇ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬೆಂಗಳೂರಿನ ಸಂಜೆಯ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಸಿಕ್ಕಿಕೊಂಡರೂ ಹನ್ನೆರಡೂ ಮೀನುಗಳು ಚುರುಕಾಗಿಯೇ ಮನೆ ತಲುಪಿದವು. ಒಂದರ ಮೈಮೇಲೂ ರೋಗದ ಬಿಳಿ ಚುಕ್ಕೆ ಇರಲಿಲ್ಲ.

ಸಲಹೆಯ ವಿಷಯ ಬೇರೆ. ‘ಬೋರ್‌ವೆಲ್ ನೀರು ಹಾಕಿದರೆ ಸತ್ತೇ ಹೋಗುತ್ತವೆ, ಆರ್‌ಒ ನೀರು ಹಾಕಿ’ ಎಂದಿದ್ದರು ಮಾಲೀಕರು. ನಮ್ಮದು 4 ಅಡಿಯ ಟ್ಯಾಂಕ್, ಸುಮಾರು 250 ಲೀಟರ್ ಹಿಡಿಯುತ್ತದೆ. 20 ಲೀಟರಿನ 12 ಕ್ಯಾನ್‌ಗಳನ್ನು ಮೆಟ್ಟಿಲು ಹತ್ತಿಸಿದ ನನ್ನ ಗಂಡ ಆ ಮಾತನ್ನು ಇಂದಿಗೂ ಮರೆತಿಲ್ಲ. ಆಮೇಲೆ ಓದಿ ತಿಳಿದೆ: ಈ ಮೀನುಗಳಲ್ಲಿ ಹೆಚ್ಚಿನವುಗಳ ತವರು ಆಫ್ರಿಕಾದ ಮಲಾವಿ ಸರೋವರ. ಬೆಂಗಳೂರಿನಿಂದ ಹೈದರಾಬಾದಿಗೆ ಎಷ್ಟು ದೂರವೋ ಹೆಚ್ಚು ಕಡಿಮೆ ಅಷ್ಟು ಉದ್ದದ ಸರೋವರ ಅದು. ಅದರ ನೀರು ಕ್ಷಾರೀಯ, ಪಿಎಚ್ 7.7ರಿಂದ 8.6ರವರೆಗೆ ಇರುತ್ತದೆ. ಗೀಸರ್ ಒಳಗೆ ಸುಣ್ಣ ಕಟ್ಟಿಸುವ ನಮ್ಮ ಬೋರ್‌ವೆಲ್ ನೀರನ್ನು ಪರೀಕ್ಷಿಸಿದರೆ ಪಿಎಚ್ 8! ನಾವು ಬೈದುಕೊಂಡು ಕುಡಿಯುವ ನೀರು ಇವಕ್ಕೆ ಊರಿನ ನೀರು. ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಬದಲಿಸಿದೆ. ಮೀನುಗಳ ಬಣ್ಣ ಏರಿತು.

ಇನ್ನು ಮಿಕ್ಸ್‌ನಲ್ಲಿ ಏನಿತ್ತು ಎಂಬ ಲೆಕ್ಕ. ನಾನು ಲೆಕ್ಕಪತ್ರದ ಕೆಲಸದವಳು, ಮೀನಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಲೆಕ್ಟ್ರಿಕ್ ಯೆಲ್ಲೋ 4, ರೆಡ್ ಜೀಬ್ರಾ 3, ಔರಾಟಸ್ 2, ನೀಲಿ ಪೀಕಾಕ್ 1, ವೀನಸ್ಟಸ್ 1, ಜ್ಯುವೆಲ್ 1. ಮೊದಲ ಮೂರು ಬಗೆಗಳು ಬಂಡೆಗಳ ಸಂದಿಯಲ್ಲಿ ಬದುಕುವ ‘ಮ್ಬುನಾ’ಗಳು. ಪೀಕಾಕ್ ಅದೇ ಸರೋವರದ್ದಾದರೂ ಮೆದು ಸ್ವಭಾವದ್ದು. ವೀನಸ್ಟಸ್ ಚಿಕ್ಕ ಮೀನುಗಳನ್ನು ಬೇಟೆಯಾಡುವ ಜಾತಿ, ಹತ್ತಿರ ಹತ್ತಿರ 25 ಸೆಂ.ಮೀ. ಬೆಳೆಯುತ್ತದೆ. ಜ್ಯುವೆಲ್ ಅಂತೂ ಪಶ್ಚಿಮ ಆಫ್ರಿಕಾದ ನದಿಗಳದ್ದು, ಉಳಿದವಕ್ಕೂ ಅದಕ್ಕೂ ಖಂಡವೊಂದೇ ಸಮಾನ. ಕಾಶ್ಮೀರದವರನ್ನೂ ಕನ್ಯಾಕುಮಾರಿಯವರನ್ನೂ ‘ಏಷ್ಯನ್ ಮಿಕ್ಸ್’ ಎಂದು ಒಂದೇ ಕೋಣೆಗೆ ತಳ್ಳಿ ಚಿಲಕ ಹಾಕಿದ ಹಾಗೆ.

ನಾಲ್ಕು ತಿಂಗಳು ಎಲ್ಲವೂ ಮಕ್ಕಳಂತೆ ಆಡಿಕೊಂಡಿದ್ದವು. ಐದನೆಯ ತಿಂಗಳಿನಲ್ಲಿ ಒಂದು ಔರಾಟಸ್ ಬಣ್ಣ ತಿರುಗಿಸಿತು. ಹಳದಿ ಮೈ, ಕಪ್ಪು ಪಟ್ಟೆ ಇದ್ದದ್ದು ಹದಿನೈದೇ ದಿನಗಳಲ್ಲಿ ಕಪ್ಪು ಮೈ, ತಿಳಿ ಪಟ್ಟೆಯಾಯಿತು, ಹಳೆಯ ಫೋಟೋದ ನೆಗೆಟಿವ್ ನೋಡಿದ ಹಾಗೆ. ಗಂಡು ಪ್ರಾಯಕ್ಕೆ ಬಂದು ಯಜಮಾನಿಕೆ ಹಿಡಿಯುವ ರೀತಿ ಅದು. ಟ್ಯಾಂಕಿನ ಅರ್ಧ ಭಾಗಕ್ಕೆ ಬೇಲಿ ಹಾಕಿತು. ಪೀಕಾಕ್ ಮೇಲಿನ ಮೂಲೆಯಲ್ಲಿ, ಫಿಲ್ಟರ್ ಪೈಪಿನ ಹಿಂದೆ, ಬಾಲ ಹರಿದುಕೊಂಡು ನಿಲ್ಲತೊಡಗಿತು. ನಾನು ಬೇರೆ ಟ್ಯಾಂಕ್ ಹೊಂದಿಸುವುದರೊಳಗೆ ಸತ್ತಿತು. ಇದು ನನ್ನ ತಪ್ಪೂ ಹೌದು. ಆದರೆ ಚೀಟಿಯ ಮೇಲೆ ‘ಔರಾಟಸ್ ಜಗಳಗಂಟ’ ಎಂಬ ಎರಡು ಪದಗಳಿಗೆ ಜಾಗವಿತ್ತಲ್ಲವೇ?

ರೆಡ್ ಜೀಬ್ರಾ ಒಂದು ಸತ್ತದ್ದು ಅಂಗಡಿಯಲ್ಲೇ ಕೊಟ್ಟ ಆಹಾರದಿಂದ ಎಂದು ನನ್ನ ಅನುಮಾನ. ‘ಬೇಗ ಬೆಳೆಯುತ್ತವೆ’ ಎಂದು ಕೆಂಪು ಹುಳುವಿನ ಆಹಾರವನ್ನು ಕೊಟ್ಟಿದ್ದರು. ಬಂಡೆಯ ಪಾಚಿ ಕೆರೆದು ತಿನ್ನುವ ಮೀನಿಗೆ ಕರುಳು ಉದ್ದ, ಹುಳು ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ. ಈಗ ಸ್ಪಿರುಲಿನಾ ಪಾಚಿಯ ಕಾಳು, ವಾರಕ್ಕೊಮ್ಮೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ. ‘ನಮ್ಮ ಮನೆಗೆ ಹೊಂದುವ ಮೀನು’ ಎಂದು ಅತ್ತೆಯವರಿಗೆ ಆವತ್ತಿನಿಂದ ಇವುಗಳ ಮೇಲೆ ಪ್ರೀತಿ.

ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೆಲ್ಲ ಅವರು ಕುರ್ಚಿಯನ್ನು ಟ್ಯಾಂಕಿನ ಕಡೆಗೆ ತಿರುಗಿಸುತ್ತಾರೆ. ಒಂದು ದಿನ ಕರೆದು ಹೇಳಿದರು: ‘ಈ ಹಳದಿಗೆ ಬಾಯಿಹುಣ್ಣಾಗಿದೆ ನೋಡಮ್ಮ. ಮೂರು ದಿನದಿಂದ ಒಂದು ಕಾಳೂ ಮುಟ್ಟಿಲ್ಲ.’ ಹೋಗಿ ನೋಡಿದರೆ ಗದ್ದ ಇಳಿಬಿದ್ದಿದೆ. ಬಾಯಿ ಮುಚ್ಚಿಕೊಂಡೇ ಎಲೆಯಡಿಕೆ ಮೆಲ್ಲುವ ಹಾಗೆ ದವಡೆ ಆಡಿಸುತ್ತಿದೆ. ಬಾಯೊಳಗೆ ಮೊಟ್ಟೆ! ಹೆಣ್ಣು ಮೂರು ವಾರ ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಉಪವಾಸ ಮಾಡುತ್ತದೆ ಎಂದೆ. ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕತೊಡಗಿದರು. 23ನೆಯ ಸಂಜೆ 11 ಮರಿಗಳನ್ನು ಎಣಿಸಿದೆವು. ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ 2 ಉಳಿದಿದ್ದವು. ವೀನಸ್ಟಸ್ ಹೊಟ್ಟೆ ದುಂಡಗಾಗಿತ್ತು. ಅತ್ತೆ ಅದಕ್ಕೆ ಶಕುನಿ ಎಂದು ಹೆಸರಿಟ್ಟರು.

ಉಳಿದ ಎರಡು ಮರಿಗಳು ಬೆಳೆದಂತೆ ಹಳದಿಯೂ ಅಲ್ಲದ, ಕಿತ್ತಳೆಯೂ ಅಲ್ಲದ ಬಣ್ಣಕ್ಕೆ ಬಂದವು. ತಂದೆ ರೆಡ್ ಜೀಬ್ರಾ ಇರಬೇಕು, ಒಂದೇ ಟ್ಯಾಂಕಿನಲ್ಲಿ ಇವೆರಡೂ ಸುಲಭವಾಗಿ ಬೆರೆಯುತ್ತವೆ. ಮಾಲೀಕರಿಗೆ ತಿಳಿಸಿದರೆ ಕಣ್ಣರಳಿಸಿದರು: ‘ಮುಂದಿನ ಸಲ ಮರಿಗಳನ್ನು ತಂದುಕೊಡಿ, ಮಿಕ್ಸ್‌ಗೆ ಹಾಕುತ್ತೇನೆ.’ ಮಿಕ್ಸ್ ಎಲ್ಲಿಂದ ಬರುತ್ತದೆ ಎಂದು ಆಗ ಗೊತ್ತಾಯಿತು. ಕೊಡಲಿಲ್ಲ, ಕೊಡುವುದೂ ಇಲ್ಲ.

ಹಾಗಾದರೆ ಮತ್ತೆ ಅಲ್ಲಿಗೇ ಏಕೆ ಹೋಗುತ್ತೇನೆ? ಬಲೆ ಹಿಡಿಯುವ ಹುಡುಗನಿಗಾಗಿ. ಔರಾಟಸ್ ಎರಡನ್ನೂ ಜ್ಯುವೆಲ್ ಅನ್ನೂ ಬಕೆಟ್‌ನಲ್ಲಿ ಹೊತ್ತುಕೊಂಡು ಹೋದ ದಿನ, ದುಡ್ಡು ಬೇಡ, ಬದಲಿಗೆ 3 ರೆಡ್ ಜೀಬ್ರಾ ಕೊಡಿ ಎಂದೆ. ‘ಗಂಡು ಹೆಣ್ಣು ನೋಡಿ ಕೊಡುವುದಿಲ್ಲ’ ಎಂದರು ಮಾಲೀಕರು. ಅವರು ಫೋನಿನಲ್ಲಿದ್ದಾಗ ಹುಡುಗ ಒಂದೊಂದನ್ನೇ ಚೀಲಕ್ಕೆ ಹಾಕಿ ಟ್ಯೂಬ್‌ಲೈಟಿಗೆ ಹಿಡಿದ. ಹಿಂಭಾಗದ ಕೆಳ ರೆಕ್ಕೆಯ ಮೇಲಿನ ಹಳದಿ ಚುಕ್ಕೆ ತೋರಿಸಿ, ‘ಇದು ದೊಡ್ಡದಾಗಿ ಎದ್ದು ಕಂಡರೆ ಸಾಮಾನ್ಯವಾಗಿ ಗಂಡು. ಪೂರ್ತಿ ನಂಬಬೇಡಿ ಮೇಡಂ’ ಎಂದು ಮೂರು ಹೆಣ್ಣುಗಳನ್ನೇ ಆರಿಸಿಕೊಟ್ಟ. ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಬೇಕಂತೆ, ಇಲ್ಲದಿದ್ದರೆ ಇದ್ದೊಂದನ್ನು ಅಟ್ಟಿಸಿ ಸಾಯಿಸುತ್ತದಂತೆ. ಹೊಸಬರನ್ನು ಬಿಡುವ ಮುನ್ನ ದೀಪ ಆರಿಸಿ, ಕಲ್ಲುಗಳ ಜಾಗ ಬದಲಿಸಿಬಿಡಿ, ಆಗ ಹಳಬರಿಗೂ ತಮ್ಮ ಗಡಿ ಯಾವುದೆಂದು ಗೊತ್ತಾಗುವುದಿಲ್ಲ ಎಂದ. ಸಜ್ಜಾ ಹಾಕಿಸಿದಾಗ ಉಳಿದಿದ್ದ ಕಡಪಾ ಕಲ್ಲಿನ ತುಂಡುಗಳಿಂದ ಗುಹೆ ಕಟ್ಟಲು ಹೇಳಿದವನೂ ಅವನೇ. ಅದು ಸುಣ್ಣದ ಕಲ್ಲು, ಪಿಎಚ್ ಬೀಳಲು ಬಿಡುವುದಿಲ್ಲ. ಕಳೆದ ತಿಂಗಳು ಶಕುನಿಯನ್ನು 6 ಅಡಿ ಟ್ಯಾಂಕಿನ ಗಿರಾಕಿಯೊಬ್ಬರಿಗೆ ದಾಟಿಸಿದವನೂ ಅವನೇ.

ಈಗ ಟ್ಯಾಂಕಿನಲ್ಲಿ 4 ಹಳದಿ, 5 ಜೀಬ್ರಾ, ಬೆರಕೆ ಮರಿಗಳು 2. ಅಟ್ಟಾಟ ಇದೆ, ಹರಿದ ಬಾಲಗಳಿಲ್ಲ. ಮಿಕ್ಸ್‌ಗೆ 5ರಲ್ಲಿ 1 ಅಂಕ, ಅಂಗಡಿಗೆ 3, ಹುಡುಗನಿಗೆ 5. ಮಂಗಳವಾರ ಅವನಿಗೆ ರಜೆ. ಆ ದಿನ ನಾನು ಆ ಕಡೆ ಹೋಗುವುದಿಲ್ಲ.