ಕಿರುಚಿತ್ರಕ್ಕೆ ಯಾವ ಎಡಿಟಿಂಗ್ ಸಾಫ್ಟ್‌ವೇರ್? ಒಂದೇ ದೃಶ್ಯ ಮೂರರಲ್ಲಿ

ಪ್ರೀಮಿಯರ್ ಪ್ರೋ, ಫೈನಲ್ ಕಟ್ ಪ್ರೋ, ಡಾವಿಂಚಿ ರಿಸಾಲ್ವ್. ಮೂರರಲ್ಲೂ ನಾನು ಕಿರುಚಿತ್ರ ಎಡಿಟ್ ಮಾಡಿದ್ದೇನೆ. ಸರಿಯಾಗಿ ಹೋಲಿಸೋಣ ಅಂತ ಈಚೆಗೆ ಒಂದೇ ದೃಶ್ಯವನ್ನು ಮೂರರಲ್ಲೂ ಕತ್ತರಿಸಿ ನೋಡಿದೆ. ಅಡುಗೆಮನೆಯಲ್ಲಿ ತಾಯಿ, ಮಗ. ಕೆಲಸ ಬಿಟ್ಟ ವಿಷಯವನ್ನು ಮಗ ಹೇಳಬೇಕು, ಬಾಯಿ ಬರುತ್ತಿಲ್ಲ. ಒಂದೇ ಕ್ಯಾಮೆರಾ, ಸೌಂಡ್ ಬೇರೆ ರೆಕಾರ್ಡರ್‌ನಲ್ಲಿ. ಸ್ವಂತ ದುಡ್ಡಿನಲ್ಲಿ ಮಾಡುವ ಕಿರುಚಿತ್ರಗಳು ಹೆಚ್ಚಾಗಿ ಹೀಗೇ ಇರುತ್ತವೆ, ಅಲ್ವಾ?

ಸಿಂಕ್ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮೂರೂ ವೇವ್‌ಫಾರ್ಮ್ (ಸೌಂಡಿನ ಅಲೆಯ ಆಕಾರ) ನೋಡಿ ಸೌಂಡ್ ಹೊಂದಿಸುತ್ತವೆ.

ವ್ಯತ್ಯಾಸ ಶುರುವಾಗುವುದು ಡಿಲೀಟ್ ಒತ್ತಿದಾಗ. ಫೈನಲ್ ಕಟ್‌ನಲ್ಲಿ ಒಂದು ಶಾಟ್ ತೆಗೆದರೆ ಮುಂದಿನದು ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಜಾಗ ಉಳಿಯಬೇಕು ಅಂದರೆ ಶಿಫ್ಟ್ ಹಿಡಿದು ಡಿಲೀಟ್ ಒತ್ತಬೇಕು. ಪ್ರೀಮಿಯರ್‌ನಲ್ಲಿ ಇದು ಉಲ್ಟಾ. ಸುಮ್ನೆ ಡಿಲೀಟ್ ಒತ್ತಿದರೆ ಜಾಗ ಖಾಲಿ ಉಳಿಯುತ್ತದೆ, ಶಿಫ್ಟ್ ಸೇರಿಸಿದರೆ ಮುಚ್ಚಿಕೊಳ್ಳುತ್ತದೆ. ವಿಂಡೋಸ್ ಕೀಬೋರ್ಡಿನ ರಿಸಾಲ್ವ್‌ನಲ್ಲಿ ಬ್ಯಾಕ್‌ಸ್ಪೇಸ್ ಜಾಗ ಉಳಿಸುತ್ತದೆ, ಡಿಲೀಟ್ ಮುಚ್ಚುತ್ತದೆ.

ಸಣ್ಣ ವಿಷಯ ಅನ್ನಿಸಬಹುದು. ಆದರೆ ಮೂರು ರಫ್ ಕಟ್‌ಗಳನ್ನು (ಮೊದಲ ಒರಟು ಜೋಡಣೆ) ಒಂದರ ಹಿಂದೆ ಒಂದು ನೋಡಿದಾಗ ಫೈನಲ್ ಕಟ್‌ನದ್ದು ಎಲ್ಲಕ್ಕಿಂತ ಚುರುಕಾಗಿತ್ತು. ತಾಯಿ ಕೇಳುತ್ತಾಳೆ, ಮಗ ತಕ್ಷಣ ಉತ್ತರ ಕೊಡುತ್ತಾನೆ. ಸಂದರ್ಶನಕ್ಕೆ, ಪ್ರಚಾರದ ವಿಡಿಯೋಗೆ ಈ ವೇಗ ಚೆನ್ನ. ಇಲ್ಲಿ ಮಾತ್ರ ಬೇಡ. ಮಗ ಉತ್ತರ ಕೊಡದೆ ನಿಂತ ಹೊತ್ತೇ ಈ ದೃಶ್ಯದ ಜೀವ. ಉಳಿದೆರಡರಲ್ಲಿ ಖಾಲಿ ಜಾಗ ಕಣ್ಣೆದುರೇ ಇತ್ತು. ಅಲ್ಲಿ ಏನು ಹಾಕಲಿ ಅಂತ ಹುಡುಕುತ್ತಾ ಹೋದಾಗ, ಟೇಕ್ ಮುಗಿದ ಮೇಲೂ ಓಡುತ್ತಿದ್ದ ಕ್ಯಾಮೆರಾದಲ್ಲಿ ತಾಯಿಯ ಕೈ ಸೌಟು ಹಿಡಿದು ನಿಂತ ಒಂದು ತುಣುಕು ಸಿಕ್ಕಿತು. ಅದನ್ನು ಹಾಕಿದೆ. ಕುಕ್ಕರ್ ವಿಶಲ್ ಅನ್ನು ಅದರ ಮೇಲಿಂದ ಮಗನ ಮುಖದವರೆಗೂ ಎಳೆದೆ. ದೃಶ್ಯ ಕೂತಿತು.

ಗ್ಯಾಪ್ ಹಾಕುತ್ತಾ ಹೋದರೆ ಫೈನಲ್ ಕಟ್‌ನಲ್ಲೂ ಇದೇ ಮಾಡಬಹುದು. ಅದರಲ್ಲಿ ಒಂದು ಸುಖವೂ ಇದೆ: ಶಾಟ್‌ಗೆ ಜೋಡಿಸಿದ ಸೌಂಡ್ ಶಾಟ್ ಜೊತೆಗೇ ಸರಿಯುತ್ತದೆ. ಆದರೆ ಅದು ವಿಂಡೋಸ್‌ನಲ್ಲಿ ಓಡುವುದಿಲ್ಲ, ಆಪಲ್ ಸಾಧನ ಬೇಕೇ ಬೇಕು.

ಕನ್ನಡ ಟೈಟಲ್ ವಿಷಯ. ಪ್ರೀಮಿಯರ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು 'ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್' ಮಾಡಿ. ಹೆಸರಿನ ಪಟ್ಟಿ ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಯಾವ ಸಾಫ್ಟ್‌ವೇರ್ ಆದರೂ ತಂಡದ ಪ್ರತಿಯೊಬ್ಬರ ಹೆಸರನ್ನೂ ಪರದೆಯ ಮೇಲೆ ಓದಿ ನೋಡಿ. ಸಂಬಳವಿಲ್ಲದೆ ದುಡಿದವರಿಗೆ ನಾವು ಕೊಡುವುದು ಆ ಹೆಸರು ಒಂದೇ. ಅದು ತಪ್ಪಾಗಿ ಬರಲೇಬಾರದು.

ಇಷ್ಟಾದರೂ ನಾನು ರಿಸಾಲ್ವ್ ಕಡೆಗೇ ವಾಲಿದ್ದಕ್ಕೆ ಕಾರಣ ಬೇರೆ. ಕಿರುಚಿತ್ರದ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಂದು ಚಿತ್ರೋತ್ಸವ ಇಂಗ್ಲಿಷ್ ಸಬ್‌ಟೈಟಲ್ ಚಿತ್ರದ ಮೇಲೇ ಇರುವ ಪ್ರತಿ ಕೇಳುತ್ತದೆ. ಇನ್ನೊಂದಕ್ಕೆ ಸಬ್‌ಟೈಟಲ್ ಇಲ್ಲದ ಪ್ರತಿ, ಜೊತೆಗೆ ಎಸ್‌ಆರ್‌ಟಿ ಫೈಲ್ (ಸಬ್‌ಟೈಟಲ್ ಮಾತ್ರ ಇರುವ ಪಠ್ಯದ ಫೈಲ್) ಬೇಕು. ಥಿಯೇಟರ್‌ನಲ್ಲಿ ಹಾಕುವುದಾದರೆ ಡಿಸಿಪಿ, ಅಂದರೆ ಅಲ್ಲಿನ ಪ್ರೊಜೆಕ್ಟರ್‌ಗೆ ಬೇಕಾದ ಡಿಜಿಟಲ್ ಪ್ರತಿ. ಒಂದೆರಡು ವರ್ಷ ಆದ ಮೇಲೂ ಪ್ರಾಜೆಕ್ಟ್ ತೆರೆಯಬೇಕಾಗುತ್ತದೆ. ಪ್ರೀಮಿಯರ್ 2013ರಿಂದ ಚಂದಾ ಪದ್ಧತಿಗೆ ಬಂದಿದೆ. ಚಂದಾ ನಿಂತಿದ್ದರೆ, ಒಂದು ಅಕ್ಷರ ತಿದ್ದಬೇಕಾದರೂ ಮತ್ತೆ ಹಣ ಕಟ್ಟಬೇಕು. ರಿಸಾಲ್ವ್‌ನ ಉಚಿತ ಆವೃತ್ತಿ 3840×2160 ಅಳತೆಯವರೆಗೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಹೊರತೆಗೆಯಲು ಬಿಡುತ್ತದೆ. ಕಿರುಚಿತ್ರಕ್ಕೆ ಇದು ಧಾರಾಳ ಸಾಕು.

ಇನ್ನೊಂದು ಲಾಭ ನಮ್ಮಂಥ ಸಣ್ಣ ತಂಡಕ್ಕೆ ತುಂಬಾ ದೊಡ್ಡದು. ಎಡಿಟ್ ಮಾಡಿದವರೇ ಕಲರ್ (ಶಾಟ್‌ಗಳ ಬಣ್ಣ, ಬೆಳಕು ಹೊಂದಿಸುವ ಗ್ರೇಡಿಂಗ್ ಕೆಲಸ) ಕೂಡ ಮಾಡುವುದು ಇಲ್ಲಿ ಜಾಸ್ತಿ. ರಿಸಾಲ್ವ್ ಹುಟ್ಟಿದ್ದೇ ಕಲರ್ ಗ್ರೇಡಿಂಗ್‌ಗೆ. ಕತ್ತರಿಸಿದ ಟೈಮ್‌ಲೈನ್ (ಶಾಟ್‌ಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ) ಅಲ್ಲೇ ಕಲರ್ ಪೇಜ್‌ಗೆ ಹೋಗುತ್ತದೆ, ಅಲ್ಲೇ ಫೇರ್‌ಲೈಟ್ ಎಂಬ ಇನ್ನೊಂದು ಪೇಜ್‌ನಲ್ಲಿ ಸೌಂಡ್ ಆಗುತ್ತದೆ. ಬೇರೆ ಸಾಫ್ಟ್‌ವೇರ್‌ನಿಂದ ಎಕ್ಸ್‌ಎಂಎಲ್ (ಎಡಿಟ್‌ನ ವಿವರ ಸಾಗಿಸುವ ಫೈಲ್) ಮೂಲಕ ತಂದರೆ ಕೆಲವು ಎಫೆಕ್ಟ್‌ಗಳು ದಾಟಿ ಬರುವುದಿಲ್ಲ, ಕೂತು ಮತ್ತೆ ಮಾಡಬೇಕು. ಕಲರ್ ಮಾಡುವಾಗ 'ಈ ಶಾಟ್ ಸ್ವಲ್ಪ ಉದ್ದ ಆಯ್ತು' ಅನ್ನಿಸಿದರೆ ರಿಸಾಲ್ವ್‌ನಲ್ಲಿ ಅಲ್ಲಿಂದಲೇ ಹಿಂದಕ್ಕೆ ಹೋಗಿ ಎಂಟು ಫ್ರೇಮ್ ತೆಗೆದು ಬರುತ್ತೇನೆ. ಈ ಸ್ವಾತಂತ್ರ್ಯವನ್ನು ನಾನು ಬಿಟ್ಟುಕೊಡಲಾರೆ.

ಎಚ್ಚರವೂ ಬೇಕು. ಚಿತ್ರದ ನಾಯ್ಸ್ ರಿಡಕ್ಷನ್ (ಮಂದ ಬೆಳಕಿನ ಶಾಟ್‌ನಲ್ಲಿ ಕಾಣುವ ಚುಕ್ಕೆಗಳನ್ನು ಕಡಿಮೆ ಮಾಡುವುದು) ಬೇಕಾದರೆ ಹಣ ಕೊಟ್ಟು ಸ್ಟುಡಿಯೋ ಆವೃತ್ತಿ ಕೊಳ್ಳಬೇಕು. ಗ್ರಾಫಿಕ್ಸ್ ಕಾರ್ಡ್ ಸಣ್ಣದಿದ್ದರೆ ಪ್ರಾಕ್ಸಿ (ಎಡಿಟ್‌ಗೆ ಬಳಸುವ ಹಗುರ ಪ್ರತಿ) ಮಾಡಿಕೊಂಡೇ ಶುರುಮಾಡಿ. ಕ್ಲಿಪ್‌ಗಳನ್ನು ಒಳಗೆ ತಂದ ಮೇಲೆ ಪ್ರಾಜೆಕ್ಟ್‌ನ ಫ್ರೇಮ್ ರೇಟ್ ಬದಲಿಸಲು ಬರುವುದಿಲ್ಲ, 24 ಬೇಕೋ 25 ಬೇಕೋ ಮೊದಲೇ ತೀರ್ಮಾನಿಸಿ. ಪ್ರೀಮಿಯರ್ ಹಾಗೆ ಪ್ರಾಜೆಕ್ಟ್ ಒಂದು ಫೈಲಾಗಿ ನಿಮ್ಮ ಫೋಲ್ಡರ್‌ನಲ್ಲಿ ಕೂರುವುದಿಲ್ಲ, ರಿಸಾಲ್ವ್‌ನದೇ ಡೇಟಾಬೇಸ್‌ನಲ್ಲಿ ಇರುತ್ತದೆ. ಹಾಗಾಗಿ ಪ್ರತಿದಿನ ಕೆಲಸ ನಿಲ್ಲಿಸುವ ಮೊದಲು ಎಕ್ಸ್‌ಪೋರ್ಟ್ ಮಾಡಿ, ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಡಿ.