ನೆಜು ದೇಗುಲ: ಟೋಕಿಯೊಗೆ ಹೊರಟ ಮೈಸೂರಿನವರಿಗೆ

ಟೋಕಿಯೊದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗುವ ಮೈಸೂರಿನ ಹಿರಿಯರಿಗೆ ಅಲ್ಲಿ ಮೊದಲು ತೋರಿಸುವುದು ಸಾಮಾನ್ಯವಾಗಿ ಅಸಾಕುಸಾ ಮತ್ತು ಮೇಯ್ಜಿ ದೇಗುಲಗಳನ್ನು. ಅಸಾಕುಸಾದ್ದು ಬೌದ್ಧ ಮಂದಿರ, ಅಲ್ಲಿನ ನೂಕುನುಗ್ಗಲು ನಮ್ಮ ದಸರಾ ವಸ್ತುಪ್ರದರ್ಶನದ ಭಾನುವಾರಕ್ಕೆ ಕಡಿಮೆಯಿಲ್ಲ. ಮೇಯ್ಜಿ ದೇಗುಲದ ಸುತ್ತಲಿನ ಕಾಡು ಸೊಗಸಾದದ್ದೇ, ಆದರೆ ಮುಖ್ಯ ಕಟ್ಟಡಗಳು ಯುದ್ಧದಲ್ಲಿ ಸುಟ್ಟುಹೋಗಿ 1958ರಲ್ಲಿ ಮತ್ತೆ ಕಟ್ಟಿದವು. ಜಪಾನಿನ ಮೂಲ ಧರ್ಮವಾದ ಶಿಂಟೊದ ಹಳೆಯ ಗುಡಿಯೊಂದನ್ನು ಅದರ ಮೂಲ ಮರದಲ್ಲಿ, ಸಾವಕಾಶವಾಗಿ ನೋಡಬೇಕೆನ್ನುವವರು ಬುಂಕ್ಯೊ ವಾರ್ಡಿನ ನೆಜು ದೇಗುಲಕ್ಕೇ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಐದನೆಯ ಶೋಗುನ್ (ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ತೊಕುಗಾವಾ ತ್ಸುನಾಯೋಶಿ, ತನ್ನ ಅಣ್ಣನ ಮಗ ಇಯೆನೊಬುವನ್ನು ಉತ್ತರಾಧಿಕಾರಿಯಾಗಿ ದತ್ತು ತೆಗೆದುಕೊಂಡ ಮೇಲೆ, ಆತನ ಕುಟುಂಬದ ನಿವಾಸವಿದ್ದ ನೆಲದಲ್ಲಿ ಈಗಿನ ದೇಗುಲವನ್ನು ಕಟ್ಟಿಸಿದನು. ಕಟ್ಟಡ ಮುಗಿದದ್ದು 1706ರಲ್ಲಿ, ಅಂದರೆ ಇಲ್ಲಿ ಚಿಕ್ಕದೇವರಾಜ ಒಡೆಯರು ತೀರಿಕೊಂಡ ಎರಡು ವರ್ಷಗಳಿಗೆ. 1923ರ ಭೂಕಂಪ ಮತ್ತು 1945ರ ಬಾಂಬ್ ದಾಳಿಗಳು ಟೋಕಿಯೊದ ಬಹುಭಾಗವನ್ನು ಬೂದಿ ಮಾಡಿದರೂ ಇದರ ಏಳು ಮುಖ್ಯ ರಚನೆಗಳು ಉಳಿದುಕೊಂಡವು, ಅವೆಲ್ಲವೂ ಇಂದು ಜಪಾನ್ ಸರ್ಕಾರದ ಸಂರಕ್ಷಿತ ಸಾಂಸ್ಕೃತಿಕ ಆಸ್ತಿಗಳು. ಕಲ್ಲಿನ ಗುಡಿ ಶತಮಾನಗಳ ಕಾಲ ನಿಲ್ಲುವುದು ನಮಗೆ ಹೊಸದಲ್ಲ. ಮರದ ಗುಡಿ, ಅದೂ ಮತ್ತೆ ಮತ್ತೆ ಹೊತ್ತಿ ಉರಿದ ನಗರದಲ್ಲಿ, ಮುನ್ನೂರು ವರ್ಷ ದಾಟಿ ನಿಂತಿರುವುದು ಬೇರೆಯೇ ಮಾತು.

ಎರಡಂತಸ್ತಿನ ಕೆಂಪು ಮಹಾದ್ವಾರವನ್ನು ದಾಟಿದರೆ ಎದುರಿಗೆ ಇನ್ನೊಂದು ಬಾಗಿಲು, ಅದರ ಎರಡೂ ಪಕ್ಕದಿಂದ ಹೊರಟು ಗುಡಿಯನ್ನು ಬಳಸುವ ಜಾಲರಿಯ ಬೇಲಿ. ಈ ಬೇಲಿಯ ಹತ್ತಿರ ಹೋಗಿ ನಿಲ್ಲಬೇಕು. ಸೋಮನಾಥಪುರದ ಜಾಲಂಧ್ರಗಳನ್ನು ನೋಡಿದ ಕಣ್ಣಿಗೆ ಅದರ ಉಪಾಯ ಕೂಡಲೇ ತಿಳಿಯುತ್ತದೆ: ಓರೆಯಾಗಿ ನೋಡಿದರೆ ಗೋಡೆ, ನೇರ ನಿಂತರೆ ಒಳಗಿನ ಬಣ್ಣ, ಕೆತ್ತನೆ, ನೆಲದ ಕಲ್ಲು ಎಲ್ಲವೂ ತುಣುಕು ತುಣುಕಾಗಿ ಕಾಣುತ್ತವೆ. ಒಳಗಿನ ವಿನ್ಯಾಸವೂ ನಮಗೆ ತೀರ ಅಪರಿಚಿತವಲ್ಲ. ಭಕ್ತರ ಸಭಾಂಗಣ, ನೈವೇದ್ಯವಿಡುವ ನಡುವಿನ ಅಂಕಣ, ಅದರ ಹಿಂದೆ ದೇವರ ಗರ್ಭಗುಡಿ, ಮೂರನ್ನೂ ಒಂದಕ್ಕೊಂದು ಬೆಸೆದು ಕಟ್ಟಿರುವ ಈ ಕ್ರಮವನ್ನು ನಮ್ಮ ನವರಂಗ, ಸುಕನಾಸಿ, ಗರ್ಭಗೃಹಗಳ ಜೊತೆ ಇಟ್ಟು ನೋಡಬಹುದು. ಇಲ್ಲಿನ ಮುಖ್ಯ ದೇವರು ಸುಸಾನೊಒ, ಆದರೆ ಆತನ ದರ್ಶನವೆಂಬುದು ಇಲ್ಲ. ವಿಗ್ರಹ ಕಾಣದು, ಮಂಗಳಾರತಿಯ ತಟ್ಟೆ ಬಾರದು, ಸರತಿಯನ್ನು ಮುಂದೆ ತಳ್ಳುವವರೂ ಇಲ್ಲ. ತೊಟ್ಟಿಯ ನೀರಿನಲ್ಲಿ ಕೈ ಬಾಯಿ ತೊಳೆದು, ಕಾಣಿಕೆ ಪೆಟ್ಟಿಗೆಗೆ ಒಂದು ನಾಣ್ಯ ಹಾಕಿ, ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಇನ್ನೊಮ್ಮೆ ಬಾಗಿದರೆ ಪೂಜೆ ಮುಗಿಯಿತು. ಕಚೇರಿಗೆ ಹೊರಟವರು ಚೀಲ ಹೆಗಲಲ್ಲೇ ಇಟ್ಟುಕೊಂಡು ಇಷ್ಟನ್ನು ಮಾಡಿ ಹೋಗುತ್ತಾರೆ. ತೀರ್ಥಪ್ರಸಾದವಿಲ್ಲದೆ ದೇವಸ್ಥಾನದಿಂದ ಹೊರಬಂದರೆ ಏನನ್ನೋ ಮರೆತಂತೆ ಅನಿಸುವುದು ನಮ್ಮ ಅಭ್ಯಾಸದೋಷ, ಅದಕ್ಕೆ ಅವರು ಹೊಣೆಯಲ್ಲ.

ಅಂತರ್ಜಾಲದ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಪಕ್ಕದ ದಿಬ್ಬದ ಒತೊಮೆ ಇನಾರಿ ಗುಡಿಗೆ ಹೋಗುವ ಕೆಂಪು ತೋರಿಗಳ ಸಾಲು. ಭಕ್ತರು ಹರಕೆಯಾಗಿ ಒಪ್ಪಿಸಿದ ಕಮಾನುಗಳಿವು. ನನ್ನ ಮಟ್ಟಿಗೆ ಇಡೀ ಆವರಣದಲ್ಲಿ ತುಸು ನಿರಾಸೆ ತಂದದ್ದು ಇದೊಂದೇ: ಕಮಾನುಗಳು ಗಿಡ್ಡ, ದಾರಿ ಕಿರಿದು, ಎತ್ತರದವರು ತಲೆ ತಗ್ಗಿಸಬೇಕು, ಫೋಟೋ ತೆಗೆಸಿಕೊಳ್ಳುವವರು ಮುಂದೆ ನಿಂತರೆ ಹಿಂದಿನವರು ಕಾಯಲೇಬೇಕು. ಮಂಡಿನೋವಿರುವವರು ಇದನ್ನು ಕೆಳಗಿನಿಂದಲೇ ನೋಡಿದರೆ ನಷ್ಟವೇನಿಲ್ಲ.

ಪ್ರವೇಶಕ್ಕೆ ಶುಲ್ಕವಿಲ್ಲ. ಚಿಯೋದಾ ಮೆಟ್ರೊ ಮಾರ್ಗದ ನೆಜು ನಿಲ್ದಾಣದಿಂದ ಐದಾರು ನಿಮಿಷದ ನಡಿಗೆ. ಏಪ್ರಿಲ್ ತಿಂಗಳಲ್ಲಿ ಮಾತ್ರ ಯೋಚಿಸಿ ಹೊರಡಬೇಕು, ಏಕೆಂದರೆ ಆಗ ಇಲ್ಲಿನ ಸುಮಾರು 3,000 ಅಜೇಲಿಯಾ ಗಿಡಗಳು ಹೂಬಿಡುತ್ತವೆ, ಉತ್ಸವ ನಡೆಯುತ್ತದೆ, ಹೂದೋಟಕ್ಕೆ ಪ್ರತ್ಯೇಕ ಹಣ ಕೊಡಬೇಕಾಗುತ್ತದೆ, ಜನವೂ ವಿಪರೀತ. ಹೂವಿಗಾಗಿ ಹೋಗುವವರು ಆಗಲೇ ಹೋಗಲಿ. ಗುಡಿಗಾಗಿ ಹೋಗುವವರಿಗೆ ಬೇರೆ ಯಾವ ತಿಂಗಳಾದರೂ ಸರಿ, ವಾರದ ನಡುವಿನ ದಿನ, ಬೆಳಿಗ್ಗೆ ಒಂಬತ್ತರೊಳಗೆ ಹೋಗುವುದು ಒಳ್ಳೆಯದು.